ಎರಡು ಡಾಲರಿನ ಒಳಚರಂಡಿ ಶುಲ್ಕ: ವಾಷಿಂಗ್ಟನ್ ಸರೋವರದ ಒಂದು ಪೌರನೀತಿ ಪಾಠ

ಪೌರನೀತಿಯ ಪಾಠಗಳಲ್ಲಿ ಪುರಸಭೆಯ ಕರ್ತವ್ಯಗಳನ್ನು ಎಣಿಸುವಾಗ ಒಳಚರಂಡಿಗೆ ಸಾಮಾನ್ಯವಾಗಿ ಒಂದು ಸಾಲು ಮಾತ್ರ ಸಲ್ಲುತ್ತದೆ. ಬೀದಿದೀಪ, ಸಂತೆ, ಸ್ಮಶಾನಗಳ ನಡುವೆ ಅದೂ ಒಂದು. ಆದರೆ ಬೀದಿದೀಪದ ಬೆಳಕು ಊರಿನ ಎಲ್ಲೆಯಲ್ಲಿ ನಿಲ್ಲುವಂತೆ ಕೊಳಚೆನೀರು ನಿಲ್ಲುವುದಿಲ್ಲ. ಅದು ಇಳಿಜಾರನ್ನು ಹಿಡಿದು ನೆರೆಯ ಊರಿಗೋ ಕೆರೆಗೋ ಸೇರುತ್ತದೆ. ಹಾಗಿರುವಲ್ಲಿ ಅದನ್ನು ಶುದ್ಧಗೊಳಿಸುವ ವೆಚ್ಚವನ್ನು ಯಾವ ಊರು, ಎಷ್ಟು ಭರಿಸಬೇಕು? ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರವೂ ಅದರ ನೆರೆಯ ಸಣ್ಣ ಪಟ್ಟಣಗಳೂ ಈ ಪ್ರಶ್ನೆಯನ್ನು ಎದುರಿಸಿದ ಬಗೆ ಉಪಾಧ್ಯಾಯರ ಗಮನಕ್ಕೆ ಅರ್ಹವಾಗಿದೆ.

ಸಿಯಾಟಲಿನ ಪೂರ್ವಕ್ಕೆ ವಾಷಿಂಗ್ಟನ್ ಸರೋವರವಿದೆ. ಸುಮಾರು 88 ಚದರ ಕಿಲೋಮೀಟರ್ ವಿಸ್ತಾರ, ಅತ್ಯಂತ ಆಳವಾದೆಡೆ 65 ಮೀಟರ್. ಹಿಂದೆ ಸಿಯಾಟಲ್ ನಗರ ತನ್ನ ಹೊಲಸನ್ನು ಇದಕ್ಕೇ ಬಿಡುತ್ತಿದ್ದು, ಕಾಲಕ್ರಮದಲ್ಲಿ ಆ ಕೊಳವೆಗಳನ್ನು ಬೇರೆಡೆಗೆ ತಿರುಗಿಸಿತು. ಎರಡನೆಯ ಮಹಾಯುದ್ಧದ ತರುವಾಯ ದಡದ ಸುತ್ತ ಹೊಸ ಬಡಾವಣೆಗಳೂ ಪಟ್ಟಣಗಳೂ ಎದ್ದವು. ಒಂದೊಂದೂ ತನ್ನದೇ ಶುದ್ಧೀಕರಣ ಘಟಕವನ್ನು ಕಟ್ಟಿಕೊಂಡಿತು. 1950ರ ದಶಕದ ಮಧ್ಯಭಾಗಕ್ಕೆ ಅವು ಹತ್ತಾಗಿದ್ದವು. ಯಾರೂ ನಿಯಮ ಮೀರಿರಲಿಲ್ಲ ಎಂಬುದೇ ಇಲ್ಲಿಯ ವೈಚಿತ್ರ್ಯ. ಶುದ್ಧಮಾಡಿದ ನೀರನ್ನೇ ಅವರು ಸರೋವರಕ್ಕೆ ಬಿಡುತ್ತಿದ್ದರು. ಆದರೆ ಆ ಕಾಲದ ಶುದ್ಧೀಕರಣಕ್ಕೆ ರಂಜಕವನ್ನು ತೆಗೆದುಹಾಕುವ ಶಕ್ತಿಯಿರಲಿಲ್ಲ. ಹೊಲಕ್ಕೆ ಗೊಬ್ಬರ ಹೇಗೋ ಪಾಚಿಗೆ ರಂಜಕ ಹಾಗೆ.

1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸರೋವರದಲ್ಲಿ ಆಸಿಲಟೋರಿಯ ರುಬೆಸೆನ್ಸ್ ಎಂಬ ಸೂಕ್ಷ್ಮ ಪಾಚಿಯನ್ನು ಕಂಡರು. ಯುರೋಪಿನ ಕೆಲವು ಸರೋವರಗಳು ಕೆಡುವ ಮುನ್ನ ಇದೇ ಪಾಚಿ ಕಾಣಿಸಿಕೊಂಡಿದ್ದುದನ್ನು ಪ್ರಾಧ್ಯಾಪಕ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಬಲ್ಲವರಾಗಿದ್ದರು. ಮುಂದೆ ಒದಗಲಿರುವ ಸ್ಥಿತಿಯನ್ನು ಅವರು ನಗರದ ಸಮಸ್ಯೆಗಳ ಸಲಹಾ ಸಮಿತಿಯ ಮುಖ್ಯಸ್ಥರಾಗಿದ್ದ ನ್ಯಾಯವಾದಿ ಜೇಮ್ಸ್ ಎಲಿಸ್ ಅವರಿಗೆ ಪತ್ರಮುಖೇನ ತಿಳಿಸಿದರು. ವಿಜ್ಞಾನಿಯ ಎಚ್ಚರಿಕೆ ಸಕಾಲದಲ್ಲಿ ಆಡಳಿತದ ಕಿವಿಗೆ ಬೀಳುವುದು ಎಲ್ಲ ದೇಶಗಳಲ್ಲೂ ಅಪರೂಪವೇ.

ಪರಿಹಾರ ಸ್ಪಷ್ಟವಾಗಿತ್ತು. ಸರೋವರವನ್ನು ಸುತ್ತುವರಿಯುವ ದೊಡ್ಡ ಕೊಳವೆಗಳನ್ನು ಹಾಕಿ, ಎಲ್ಲ ಊರುಗಳ ಕೊಳಚೆಯನ್ನು ಒಂದೆರಡು ದೊಡ್ಡ ಘಟಕಗಳಿಗೆ ಒಯ್ಯಬೇಕು. ಕಠಿನವಾದದ್ದು ಇಂಜಿನಿಯರಿಕೆಯಲ್ಲ, ಒಪ್ಪಂದ. ಸಣ್ಣ ಪಟ್ಟಣಗಳಿಗೆ ಸಿಯಾಟಲ್ ತಮ್ಮನ್ನು ನುಂಗೀತೆಂಬ ಭಯ. ಆಗತಾನೆ ಸ್ವಂತ ಘಟಕಕ್ಕೆ ಹಣ ಸುರಿದವರಿಗೆ ಮತ್ತೆ ತೆರಬೇಕೇ ಎಂಬ ಅಸಮಾಧಾನ. 1957ರಲ್ಲಿ ರಾಜ್ಯದ ಶಾಸನಸಭೆ ಊರುಗಳು ಕೂಡಿ 'ಮೆಟ್ರೊ' ಎಂಬ ಸಂಯುಕ್ತ ಸಂಸ್ಥೆಯನ್ನು ರಚಿಸಲು ಅವಕಾಶವಿತ್ತಿತು. ಆದರೆ ಸಿಯಾಟಲಿನಲ್ಲಿ ಬಹುಮತ ಬಂದರೆ ಸಾಲದು, ಹೊರಗಿನ ಪ್ರದೇಶದಲ್ಲಿಯೂ ಪ್ರತ್ಯೇಕವಾಗಿ ಬಹುಮತ ಬರಬೇಕೆಂದು ಕಾನೂನು ವಿಧಿಸಿತ್ತು. 1958ರ ಮಾರ್ಚಿಯ ಮತದಾನದಲ್ಲಿ ನಗರ ಒಪ್ಪಿತು, ಹೊರವಲಯ ತಿರಸ್ಕರಿಸಿತು. ಆ ಪ್ರಸ್ತಾವದಲ್ಲಿ ಒಳಚರಂಡಿಯ ಜೊತೆಗೆ ಸಾರಿಗೆ ಮತ್ತು ಯೋಜನೆಯ ಅಧಿಕಾರಗಳೂ ಸೇರಿದ್ದವು. ಎಲಿಸ್ ಮತ್ತು ಸಂಗಡಿಗರು ಹಟ ಹಿಡಿಯಲಿಲ್ಲ; ಮಿಕ್ಕದ್ದನ್ನೆಲ್ಲ ಬಿಟ್ಟು, ಎಲ್ಲೆಯನ್ನೂ ಕಿರಿದುಗೊಳಿಸಿ, ಒಳಚರಂಡಿಯೊಂದನ್ನೇ ಸೆಪ್ಟೆಂಬರಿನಲ್ಲಿ ಮತ್ತೆ ಜನರ ಮುಂದಿಟ್ಟರು. ಎರಡೂ ಕಡೆ ಬಹುಮತ ದೊರೆಯಿತು.

ಮನೆಯೊಂದಕ್ಕೆ ತಿಂಗಳಿಗೆ ಸುಮಾರು ಎರಡು ಡಾಲರ್ ಶುಲ್ಕವೆಂದು ಗೊತ್ತಾಯಿತು. ಮನೆ ಘಟಕದ ಪಕ್ಕದಲ್ಲಿರಲಿ, ಹತ್ತಾರು ಮೈಲಿ ದೂರದಲ್ಲಿರಲಿ, ದರ ಒಂದೇ. ದೂರದ ಬಡಾವಣೆಗೆ ಕೊಳವೆಯ ವೆಚ್ಚ ಹೆಚ್ಚೆಂದು ಅದರಿಂದ ಹೆಚ್ಚು ಕೇಳಿದ್ದರೆ ಅದು ಹೊರಗುಳಿಯುತ್ತಿತ್ತು, ಸರೋವರ ಕೆಡುತ್ತಲೇ ಇರುತ್ತಿತ್ತು. ಈ ಹಣವನ್ನು ಮೆಟ್ರೊ ಮನೆಮನೆಯಿಂದ ಎತ್ತುತ್ತಿರಲಿಲ್ಲ. ಸದಸ್ಯ ಊರುಗಳಿಂದ ಸಗಟಾಗಿ ಪಡೆಯುತ್ತಿತ್ತು. ಊರು ತನ್ನ ಬೀದಿಯ ಕೊಳವೆಗಳ ಖರ್ಚನ್ನು ಅದಕ್ಕೆ ಸೇರಿಸಿ ನಿವಾಸಿಗೆ ಬಿಲ್ಲು ಕಳುಹಿಸುತ್ತದೆ. ಅಂಗಡಿ, ಕಾರ್ಖಾನೆಗಳ ನೀರಿನ ಬಳಕೆಯನ್ನು ಇಷ್ಟು ಮನೆಗಳಿಗೆ ಸಮವೆಂದು ಪರಿವರ್ತಿಸಿ ಲೆಕ್ಕಹಾಕಲಾಗುತ್ತದೆ. ದೀರ್ಘಾವಧಿಯ ಕರಾರುಗಳಿಂದ ಖಚಿತವಾದ ಈ ಮಾಸಿಕ ವರಮಾನದ ಆಧಾರದ ಮೇಲೆಯೇ ಸಾಲಪತ್ರಗಳು ಮಾರಾಟವಾಗಿ ಸುಮಾರು 14 ಕೋಟಿ ಡಾಲರುಗಳ ಕಾಮಗಾರಿ ನಡೆಯಿತು. ದಾಸೋಹಕ್ಕೆ ಪ್ರತಿ ಮನೆಯಿಂದ ಸೇರು ಧಾನ್ಯ ಎತ್ತಿದ ಅನುಭವವುಳ್ಳವರಿಗೆ ಈ ಲೆಕ್ಕ ಅಪರಿಚಿತವೆನಿಸಲಾರದು.

1963ರಲ್ಲಿ ಕೊಳಚೆಯನ್ನು ತಿರುಗಿಸುವ ಕೆಲಸ ಆರಂಭವಾಗಿ 1968ರಲ್ಲಿ ಮುಗಿಯಿತು. ಅಷ್ಟರಲ್ಲಿ ಸರೋವರ ಎಷ್ಟು ಕೆಟ್ಟಿತ್ತೆಂದರೆ ನೀರಿನೊಳಗೆ ಇಳಿಬಿಟ್ಟ ಬಿಳಿಯ ತಟ್ಟೆ ಒಂದು ಮೀಟರಿನಷ್ಟು ಇಳಿಯುವುದರೊಳಗೆ ಕಣ್ಮರೆಯಾಗುತ್ತಿತ್ತು. ಕೊಳಚೆ ನಿಂತ ಕೆಲವೇ ವರ್ಷಗಳಲ್ಲಿ ಮೂರು ಮೀಟರ್ ಆಳದಲ್ಲೂ ಅದು ಕಾಣತೊಡಗಿತು. 1976ರ ಅನಂತರ ಪಾಚಿಯನ್ನು ಮೇಯುವ ಡಾಫ್ನಿಯ ಎಂಬ ನೀರುಜೀವಿ ಹೆಚ್ಚಿ ನೀರು ಇನ್ನೂ ತಿಳಿಯಾಯಿತು. ಆದರೂ ಒಂದು ಮಾತನ್ನು ಮರೆಮಾಚಲಾಗದು. ಸಿಯಾಟಲಿನ ವೆಸ್ಟ್ ಪಾಯಿಂಟ್ ಘಟಕ 1966ರಲ್ಲಿ ಪ್ರಾಥಮಿಕ ಶುದ್ಧೀಕರಣವನ್ನಷ್ಟೇ ಮಾಡಿ ನೀರನ್ನು ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿಗೆ ಬಿಡಲಾರಂಭಿಸಿತು. ಅಲ್ಲಿ ಎರಡನೆಯ ಹಂತದ ಶುದ್ಧೀಕರಣ ಬಂದದ್ದು 1990ರ ದಶಕದಲ್ಲಿ. ಸರೋವರದ ಭಾರವನ್ನು ಒಂದಷ್ಟು ಕಾಲ ಕಡಲು ಹೊತ್ತಿತು. 2015ರಿಂದೀಚೆಗೆ ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡವರಿಗೆ, ಕಡಲಿಲ್ಲದ ಬೆಂಗಳೂರಿನಂಥ ಎತ್ತರದ ನಗರದಲ್ಲಿ ಇಂಥ ಅನುಕೂಲವೂ ಇಲ್ಲವೆಂಬುದು ಹೊಳೆಯದಿರದು.

ಶುಲ್ಕ ಸಮನಾಗಿತ್ತು, ಅದನ್ನು ನಿಗದಿಮಾಡುವ ಮತವೂ ಸಮನಾಗಿತ್ತೇ? ಮೆಟ್ರೊ ಮಂಡಲಿಯಲ್ಲಿ ಊರುಗಳ ಚುನಾಯಿತ ಅಧಿಕಾರಿಗಳು ತಮ್ಮ ಹುದ್ದೆಯ ಬಲದಿಂದ ಕುಳಿತಿದ್ದರು. ಪ್ರಾತಿನಿಧ್ಯ ಜನಸಂಖ್ಯೆಗೆ ಅನುಗುಣವಾಗಿರಲಿಲ್ಲ. ಒಬ್ಬನಿಗೆ ಒಂದು ಮತವೆಂಬ ತತ್ತ್ವಕ್ಕೆ ಇದು ವಿರುದ್ಧವೆಂದು 1990ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಮೂವತ್ತು ವರ್ಷ ಸರೋವರವನ್ನು ಕಾಯ್ದ ಸಂಸ್ಥೆ ಹೀಗೆ ತನ್ನ ರಚನೆಯ ದೋಷದಿಂದಲೇ ಕೊನೆಗಂಡು, 1994ರ ಆರಂಭದಲ್ಲಿ ಕಿಂಗ್ ಕೌಂಟಿಯ ಆಡಳಿತದಲ್ಲಿ ವಿಲೀನವಾಯಿತು. ಅದರ ಕರಾರುಗಳು ಮಾತ್ರ ಉಳಿದವು. ತಿಂಗಳ ಸಗಟು ದರ ಈಗ ಐವತ್ತು ಡಾಲರುಗಳನ್ನು ದಾಟಿದೆ. ಮುಂದಿನ ವರ್ಷದ ದರವನ್ನು ಪ್ರತಿವರ್ಷ ಜೂನ್ 30ರೊಳಗೆ ಕೌಂಟಿಯ ಮಂಡಲಿ ನಿಗದಿಮಾಡುತ್ತದೆ. ಮೂವತ್ತಕ್ಕೂ ಮಿಕ್ಕ ಸ್ಥಳೀಯ ಸಂಸ್ಥೆಗಳು ಅದರ ಆಧಾರದ ಮೇಲೆ ತಮ್ಮ ತಮ್ಮ ಬಿಲ್ಲುಗಳನ್ನು ಬರೆಯುತ್ತವೆ.