ಎರರ್ ಸಂಖ್ಯೆಯಿಂದ ಶುರುಮಾಡಿ

ನಿಮ್ಮದು ಕನ್ನಡ ಧ್ವನಿಯ ಯೋಜನೆ ಎಂದು ಓದಿ ಖುಷಿಯಾಯಿತು. ಆದರೆ ಪತ್ರದಲ್ಲಿ 'ಎಪಿಐ ಓಡುತ್ತಿಲ್ಲ, ಮೆಂಟರ್ ಉತ್ತರಿಸುತ್ತಿಲ್ಲ' ಎಂದಷ್ಟೇ ಇದೆ. ಮೆಂಟರ್‌ಗೂ ಇಷ್ಟೇ ಬರೆದಿದ್ದರೆ ಅವರಾದರೂ ಏನು ಹೇಳಿಯಾರು?

ಮೊದಲು ಎರರ್ ಸಂಖ್ಯೆ ನೋಡಿ. 401 ಎಂದರೆ ಸಾಮಾನ್ಯವಾಗಿ ಎಪಿಐ ಕೀ ಸರಿಯಿಲ್ಲ. 429 ಎಂದರೆ ಮಿತಿ ಮೀರಿ ಕೋರಿಕೆ ಕಳಿಸಿದ್ದೀರಿ. ತಂಡದವರೆಲ್ಲ ಒಂದೇ ಕೀ ಬಳಸಿದರೆ ಇದು ಬೇಗ ಬರುತ್ತದೆ. ಕೋರಿಕೆಗಳ ನಡುವೆ ಬಿಡುವು ಕೊಡಿ, ಒಮ್ಮೆ ಬಂದ ಉತ್ತರವನ್ನು ಉಳಿಸಿಟ್ಟು ಮತ್ತೆ ಬಳಸಿ. 503 ಬಂದರೆ ತೊಂದರೆ ಸರ್ವರ್ ಕಡೆಯದು, ನಿಮ್ಮ ಕೋಡ್ ತಿದ್ದುತ್ತ ನಿದ್ದೆಗೆಡಬೇಡಿ.

ಇದ್ಯಾವುದೂ ಅಲ್ಲವೆ? ತಪ್ಪು ಮರುಕಳಿಸುವ ಹತ್ತು-ಹದಿನೈದು ಸಾಲನ್ನು ಮಾತ್ರ ಬೇರ್ಪಡಿಸಿ. ಎಷ್ಟೋ ಸಲ ಹಾಗೆ ಬೇರ್ಪಡಿಸುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಪೈಥಾನ್ ಆವೃತ್ತಿ, ಎರರ್ ಸಂದೇಶದ ಪೂರ್ಣ ಪಠ್ಯ, ಈವರೆಗೆ ಮಾಡಿ ನೋಡಿದ್ದು ಎಲ್ಲವನ್ನೂ ಸೇರಿಸಿ ಮೆಂಟರ್‌ಗೆ ಕಳಿಸಿ. ಕೋಡ್‌ನಲ್ಲಿ ಕೀ ಉಳಿಯದಂತೆ ದಯವಿಟ್ಟು ನೋಡಿಕೊಳ್ಳಿ. ಕೀ ಆಗಲೇ ಗಿಟ್‌ಹಬ್ ಸೇರಿದ್ದರೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಉಳಿದಿರುತ್ತದೆ; ರದ್ದುಮಾಡಿ ಹೊಸದು ಪಡೆಯಿರಿ.

ಇನ್ನೊಂದು ಮಾತು: ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡಕ್ಕೂ ಮುಕ್ತ ಧ್ವನಿ ಮಾದರಿಗಳನ್ನು ಕೊಟ್ಟಿದೆ. ಒಂದನ್ನು ಇಂದೇ ಲ್ಯಾಪ್‌ಟಾಪಿಗೆ ಇಳಿಸಿ ಓಡಿಸಿ ನೋಡಿ. ನಿಮ್ಮ ಯೋಜನೆಯ ಡೆಮೊ ತೋರಿಸುವ ಹೊತ್ತಿಗೆ ನೆಟ್ ಕೈಕೊಟ್ಟರೆ ಅದು ನೆರವಿಗೆ ಬರುತ್ತದೆ.