ಬಾರಿಗೆ ಸನ್ನದು ಇದೆ, ಸದ್ದಿಗೆ ಇಲ್ಲ

"ನಮಗೆ ರಾತ್ರಿ ಒಂದು ಗಂಟೆವರೆಗೂ ಪರ್ಮಿಷನ್ ಇದೆ ಸಾರ್." ಪಕ್ಕದ ಮನೆಯವರು ಸದ್ದಿನ ಬಗ್ಗೆ ಕೇಳಲು ಹೋದರೆ ಪಬ್ಬಿನ ಮ್ಯಾನೇಜರ್ ಬಾಯಿಂದ ಮೊದಲು ಬರುವ ಮಾತು ಇದು. ಮಾತು ಸುಳ್ಳೇನಲ್ಲ. ಬೆಂಗಳೂರು ನಗರದಲ್ಲಿ ಬಾರ್, ಕ್ಲಬ್, ಹೋಟೆಲುಗಳು ರಾತ್ರಿ ಒಂದರವರೆಗೆ ತೆರೆದಿರಲು ಸರ್ಕಾರ 2024ರಲ್ಲಿ ಅವಕಾಶ ಕೊಟ್ಟಿದೆ. ಆದರೆ ಆ ಅವಕಾಶ ಮದ್ಯ ಮಾರಲು, ಊಟ ಬಡಿಸಲು. ಮಹಡಿಯ ಮೇಲೆ ಸ್ಪೀಕರ್ ಇಟ್ಟು ಇಡೀ ಬೀದಿಗೆ ಹಾಡು ಕೇಳಿಸಲು ಅಲ್ಲ. ಸದ್ದಿನ ಕಾನೂನು ಬೇರೆ, ಅದನ್ನು ಜಾರಿ ಮಾಡುವ ಅಧಿಕಾರಿ ಬೇರೆ, ಅದರ ವೇಳೆಯೂ ಬೇರೆ. ಇಷ್ಟು ಗೊತ್ತಿಲ್ಲದೆ ಎಷ್ಟೋ ನಿವಾಸಿಗಳು ಮ್ಯಾನೇಜರ್ ಮಾತಿಗೆ ತಲೆಯಾಡಿಸಿ ವಾಪಸು ಬರುತ್ತಾರೆ, ಇಲ್ಲವೇ ನೇರ ಜಗಳಕ್ಕಿಳಿಯುತ್ತಾರೆ. ಎರಡರಿಂದಲೂ ಸದ್ದು ಕಡಿಮೆಯಾಗುವುದಿಲ್ಲ.

ಮೂಲ ಕಾನೂನು 2000ನೇ ಇಸವಿಯ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಇವನ್ನು ಹೊರಡಿಸಿತು. ಇವುಗಳಿಗೆ ನಿಜವಾದ ಬಲ ಬಂದದ್ದು 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. ಅತ್ಯಾಚಾರಕ್ಕೊಳಗಾದ ಹದಿಮೂರು ವರ್ಷದ ಬಾಲಕಿಯ ಕೂಗು ಅಕ್ಕಪಕ್ಕದ ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸದೆ ಹೋದ ಘಟನೆಯಿಂದ ನೊಂದ ಎಂಜಿನಿಯರೊಬ್ಬರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ನೆಮ್ಮದಿಯಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿದೆ, ಧ್ವನಿವರ್ಧಕದಿಂದ ಸದ್ದು ಮಾಡುವ ಮೂಲಭೂತ ಹಕ್ಕು ಯಾರಿಗೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ಬೇಡವೆಂದವರ ಕಿವಿಗೆ ಸದ್ದನ್ನು ಬಲವಂತವಾಗಿ ತುರುಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ನಿಯಮಗಳ ಪ್ರಕಾರ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಆದರೆ 2017ರ ತಿದ್ದುಪಡಿಯ ನಂತರ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗ ಮಾತ್ರ ನಿಶ್ಶಬ್ದ ವಲಯ. ಎದುರಿಗೆ ಆಸ್ಪತ್ರೆಯಿದೆ ಎಂದ ಮಾತ್ರಕ್ಕೆ ಅದು ತಾನಾಗಿಯೇ ನಿಶ್ಶಬ್ದ ವಲಯ ಆಗುವುದಿಲ್ಲ. ಇನ್ನು ಖಾಸಗಿ ಜಾಗದ ಸೌಂಡ್ ಸಿಸ್ಟಮ್‌ಗೆ ಪ್ರತ್ಯೇಕ ಲೆಕ್ಕವಿದೆ: ಆ ಜಾಗದ ಗಡಿಯಲ್ಲಿ ಅಳೆದಾಗ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು. ಅಂದರೆ ವಸತಿ ಬೀದಿಯ ಪಬ್ಬಿನ ಕಾಂಪೌಂಡ್ ಬಳಿ ರಾತ್ರಿ 50 ಕೊನೆಯ ಗೆರೆ.

50 ಡೆಸಿಬೆಲ್ ಎಂದರೆ ಎಷ್ಟು? ಮನೆಯೊಳಗೆ ಇಬ್ಬರು ಸಾಮಾನ್ಯ ದನಿಯಲ್ಲಿ ಮಾತಾಡಿದರೆ ಅದಕ್ಕಿಂತ ಹೆಚ್ಚೇ ಆಗುತ್ತದೆ. ಈ ಮಾಪನದಲ್ಲಿ ಅಂಕಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. "ಬರೀ ಹತ್ತು ಪಾಯಿಂಟ್ ಜಾಸ್ತಿ ತಾನೇ" ಎನ್ನುವವರಿಗೆ ಇದನ್ನು ಹೇಳಬೇಕು.

ಹೀಗಿದ್ದರೂ ನಿವಾಸಿಗಳು ಮಾಡುವ ದೊಡ್ಡ ತಪ್ಪೆಂದರೆ ಇಡೀ ಹೋರಾಟವನ್ನು ಡೆಸಿಬೆಲ್ ಮೇಲೆ ನಿಲ್ಲಿಸುವುದು. ಮೊಬೈಲ್‌ನ ಆ್ಯಪ್ ತೋರಿಸುವ ಅಂಕಿ ಅಧಿಕೃತ ಅಳತೆಯಲ್ಲ. ಪೊಲೀಸರು ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮೀಟರ್ ತಂದು ಅಳೆಯಬೇಕು. ಅವರು ಬರುವ ಹೊತ್ತಿಗೆ ವಾಲ್ಯೂಮ್ ಇಳಿದಿರುತ್ತದೆ, ಏಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ತೊಡಕೂ ಇದೆ. ಕಾನೂನು ಕೇಳುವುದು 'ಎ' ತೂಕದ ಡೆಸಿಬೆಲ್. ಈ ಅಳತೆ ಮನುಷ್ಯನ ಕಿವಿಗೆ ಹೊಂದಿಕೊಂಡಂತೆ ತಗ್ಗಿನ ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ. ಪಬ್ಬಿನ ಪಕ್ಕದ ಮನೆಯವರನ್ನು ನಿದ್ದೆಗೆಡಿಸುವುದಾದರೂ ಯಾವುದು? ಹಾಡಿನ ಸಾಹಿತ್ಯವಲ್ಲ, ಗೋಡೆ ದಾಟಿ ಮಂಚಕ್ಕೆ ಬರುವ 'ಧುಂ ಧುಂ' ಬೇಸ್. ಮೀಟರ್‌ನಲ್ಲಿ ಅಂಕಿ ಮಿತಿಯೊಳಗಿದ್ದು ಕಿಟಕಿಯ ಗಾಜು ಅದುರುತ್ತಿರುವುದು ಹೀಗಾಗಿಯೇ.

ಆದ್ದರಿಂದ ನನ್ನ ಸಲಹೆ: ಮೊದಲು ಗಡಿಯಾರ ನೋಡಿ, ಆಮೇಲೆ ಮೀಟರ್. ನಿಯಮಗಳ 5(2)ರಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ, ಆಂಪ್ಲಿಫೈಯರ್, ವಾದ್ಯ ಯಾವುದನ್ನೂ ಬಳಸುವಂತಿಲ್ಲ ಎಂದಿದೆ. ವಿನಾಯಿತಿ ಇರುವುದು ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್‌ನಂಥ ಮುಚ್ಚಿದ ಜಾಗದ ಒಳಗಿನ ಸಂವಹನಕ್ಕೆ ಮತ್ತು ಸಾರ್ವಜನಿಕ ತುರ್ತಿಗೆ. ತಗಡಿನ ಚಪ್ಪರ ಹಾಕಿದ ರೂಫ್‌ಟಾಪ್ ಮುಚ್ಚಿದ ಜಾಗವಲ್ಲ. ಮೂರು ಕಡೆ ತೆರೆದ ಕಲ್ಯಾಣ ಮಂಟಪದ ಅಂಗಳವೂ ಅಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗಾಗಿ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಪ್ರತಿ ಶುಕ್ರವಾರದ ಡಿಜೆ ನೈಟ್ ಇದರಲ್ಲಿ ಬರುವುದಿಲ್ಲ. ತೆರೆದ ಮಹಡಿಯಲ್ಲಿ ಹತ್ತೂವರೆಗೆ ಸ್ಪೀಕರ್ ಹಾಡುತ್ತಿದ್ದರೆ ಅದು ಎಷ್ಟು ಡೆಸಿಬೆಲ್ ಎಂಬ ಪ್ರಶ್ನೆಯೇ ಏಳುವುದಿಲ್ಲ, ಹಾಡುತ್ತಿರುವುದೇ ಉಲ್ಲಂಘನೆ. ಸಮಯ ಕಾಣುವಂತೆ ತೆಗೆದ ಒಂದು ವಿಡಿಯೊ ಇಲ್ಲಿ ಆ್ಯಪಿನ ನೂರು ಸ್ಕ್ರೀನ್‌ಶಾಟ್‌ಗಿಂತ ಹೆಚ್ಚು ಬೆಲೆ ಬಾಳುತ್ತದೆ.

ಎರಡನೆಯ ಪ್ರಶ್ನೆ ಪರವಾನಗಿಯದು. ಪಬ್ಬಿನ ಗೋಡೆಯ ಮೇಲೆ ತೂಗುಹಾಕಿದ ಕಾಗದ ಒಂದೇ ಅಲ್ಲ, ಹಲವು ಇರಬೇಕು. ಮದ್ಯಕ್ಕೆ ಅಬಕಾರಿ ಇಲಾಖೆಯ ಸನ್ನದು: ಬಾರ್ ಅಂಡ್ ರೆಸ್ಟೋರೆಂಟ್ ಆದರೆ ಸಿಎಲ್-9, ವಸತಿಗೃಹವಿರುವ ಹೋಟೆಲಾದರೆ ಸಿಎಲ್-7, ಕ್ಲಬ್ ಆದರೆ ಸಿಎಲ್-4. ನಗರ ಪಾಲಿಕೆಯ ಉದ್ದಿಮೆ ಪರವಾನಗಿ ಇನ್ನೊಂದು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್ ಅಥವಾ ಡಿಸ್ಕೊ ನಡೆಸಲು 2005ರ ಆದೇಶದಂತೆ ನಗರ ಪೊಲೀಸ್ ಆಯುಕ್ತರ ಪ್ರತ್ಯೇಕ ಪರವಾನಗಿ ಬೇಕು. ಬಾರ್ ಮಾಲೀಕರು ಆ ಆದೇಶವನ್ನು ಸುಪ್ರೀಂ ಕೋರ್ಟ್‌ವರೆಗೆ ಎಳೆದರು. 2018ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇವೆಲ್ಲದರ ಮೇಲೆ ಧ್ವನಿವರ್ಧಕ ಬಳಸಲು ನಿಯಮ 5(1)ರ ಲಿಖಿತ ಅನುಮತಿ ಇದೆಯೇ ಎಂಬ ಪ್ರಶ್ನೆ. ಸನ್ನದಿರುವ ಎಷ್ಟೋ ಜಾಗಗಳಲ್ಲಿ ಸಂಗೀತಕ್ಕೆ ಸಂಬಂಧಿಸಿದ ಕಾಗದವೇ ಇರುವುದಿಲ್ಲ.

ಇದನ್ನು ತಿಳಿಯುವ ದಾರಿ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು ಎಂಬ ನಿಯಮವಿದೆ. ಉದ್ದುದ್ದ ಬರೆದು ತಿರಸ್ಕಾರಕ್ಕೆ ದಾರಿ ಮಾಡಿಕೊಡಬೇಡಿ. ಅಬಕಾರಿ ಕಚೇರಿಗೆ ಒಂದು, ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಒಂದು, ಪೊಲೀಸ್ ಆಯುಕ್ತರ ಕಚೇರಿಗೆ ಒಂದು ಎಂದು ಬೇರೆಬೇರೆ ಹಾಕಿ. ಬೆಂಗಳೂರಿನವರು ಗಮನಿಸಬೇಕಾದ್ದು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ನಗರ ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ವಿಳಾಸ ಬರೆಯಿರಿ.

ದೂರು ಕೊಡುವ ಬಗೆ

ಮೊದಲು ಮಾತು. ಒಂದು ಸಲ ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು ನೆರೆಯವರೊಂದಿಗೆ, ಮ್ಯಾನೇಜರ್ ಅಲ್ಲ ಮಾಲೀಕರನ್ನೇ ಕಾಣಿ. ಸ್ಪೀಕರ್ ಮುಖ ತಿರುಗಿಸುವುದು, ಬೇಸ್ ತಗ್ಗಿಸುವುದು, ಹತ್ತರ ನಂತರ ಹಾಡನ್ನು ಒಳಗಿನ ಮಹಡಿಗೆ ಸೀಮಿತಗೊಳಿಸಿ ಬಾಗಿಲು ಮುಚ್ಚುವುದು, ಖಾಲಿ ಬಾಟಲಿಗಳನ್ನು ನಡುರಾತ್ರಿ ಸುರಿಯದೆ ಬೆಳಿಗ್ಗೆ ಸಾಗಿಸುವುದು, ಇಷ್ಟು ಸಣ್ಣ ಬದಲಾವಣೆಗಳಿಂದಲೇ ಅರ್ಧ ತಕರಾರು ತೀರಬಹುದು. ಒಪ್ಪಿದ್ದನ್ನು ಅಂದೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಅವರಿಗೆ ಕಳಿಸಿಡಿ. ಮುಂದೆ ಅದೇ ದಾಖಲೆ.

ಮಾತು ಫಲಿಸದಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅದರಲ್ಲಿನ ಒಂದು ಸಾಲು ಹೀಗಿರಲಿ: "ಶನಿವಾರ, ರಾತ್ರಿ 11.10. ಮಹಡಿ ಮೇಲೆ ಡಿಜೆ. ನಮ್ಮ ಮಲಗುವ ಕೋಣೆ, ಕಿಟಕಿ ಮುಚ್ಚಿದೆ. 11.15ಕ್ಕೆ 112ಕ್ಕೆ ಕರೆ. 11.40ಕ್ಕೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬಂತು, ಸದ್ದು ನಿಂತಿತು. 12.05ಕ್ಕೆ ಮತ್ತೆ ಶುರು." "ದಿನಾ ಗಲಾಟೆ, ಸಾಕಾಗಿ ಹೋಗಿದೆ" ಎಂಬ ದೂರಿಗೆ ಅಧಿಕಾರಿ ಮಾಡಬಹುದಾದದ್ದು ಕಡಿಮೆ. ಮೇಲಿನ ಸಾಲಿನಂಥ ಹತ್ತು ಸಾಲಿದ್ದರೆ ಅದು ಸಾಕ್ಷ್ಯ. 112ಕ್ಕೆ ಮಾಡಿದ ಪ್ರತಿ ಕರೆಯೂ ಪೊಲೀಸರ ದಾಖಲೆಯಲ್ಲಿ ಉಳಿಯುತ್ತದೆ. ಹಾಗಾಗಿ ಸದ್ದು ತಾತ್ಕಾಲಿಕವಾಗಿ ನಿಂತರೂ ಕರೆ ವ್ಯರ್ಥವಾಗಿಲ್ಲ.

ಆಮೇಲೆ ಲಿಖಿತ ದೂರು. ನಿಯಮ 7ರ ಪ್ರಕಾರ ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಿದ್ದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಿದ್ದರೆ ಯಾರು ಬೇಕಾದರೂ 'ಪ್ರಾಧಿಕಾರ'ಕ್ಕೆ ದೂರಬಹುದು, ಪ್ರಾಧಿಕಾರ ಕ್ರಮ ಕೈಗೊಳ್ಳಲೇಬೇಕು. ಪೊಲೀಸ್ ಆಯುಕ್ತರು, ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿರುವ ಜಿಲ್ಲಾಧಿಕಾರಿ, ಇದಕ್ಕೆ ನಿಯೋಜಿತರಾದ ಡಿವೈಎಸ್‌ಪಿಗಿಂತ ಕೆಳಗಿಲ್ಲದ ಅಧಿಕಾರಿ, ಇವರು ಪ್ರಾಧಿಕಾರ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ಆಯುಕ್ತರಿದ್ದಾರೆ. ಉಳಿದೆಡೆ ಜಿಲ್ಲಾಧಿಕಾರಿಗೆ ಬರೆಯಿರಿ, ಪ್ರತಿ ಠಾಣೆಗೆ ಹೋಗಲಿ. ದೂರಿನಲ್ಲಿ ನಿಯಮ 8ರ ಹೆಸರೆತ್ತಿ. ಸಂಗೀತವನ್ನು ತಡೆಯುವ ಅಥವಾ ನಿಯಂತ್ರಿಸುವ ಲಿಖಿತ ಆದೇಶ ಹೊರಡಿಸಲು ಅದು ಪ್ರಾಧಿಕಾರಕ್ಕೆ ಅಧಿಕಾರ ಕೊಡುತ್ತದೆ, ಅದಕ್ಕೆ ದೂರುದಾರರು ಕೊಟ್ಟ ಮಾಹಿತಿಯೂ ಆಧಾರವಾಗಬಹುದು. ದೂರು ಕೊಟ್ಟಲ್ಲೆಲ್ಲ ಸ್ವೀಕೃತಿ ಪಡೆಯಿರಿ. ಇತ್ಯರ್ಥವಾಯಿತೆಂದರೆ ಹಿಂಬರಹ ಕೇಳಿ. ಬಾಯಿಮಾತಿನ "ಹೇಳಿದ್ದೀವಿ ಬಿಡಿ ಸಾರ್" ಮುಂದೆ ಯಾವ ನ್ಯಾಯಾಲಯದಲ್ಲೂ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಜನರೇಟರ್, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್‌ಗಳ ಕಾಟವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಬರೆಯಿರಿ. ಗಿರಾಕಿಗಳು ಬೀದಿಯಲ್ಲಿ ನಿಂತು ಕೂಗಾಡುವುದು, ಗೇಟಿಗೆ ಅಡ್ಡ ವಾಹನ ನಿಲ್ಲಿಸುವುದು ಠಾಣೆಯ ಮತ್ತು ಸಂಚಾರ ಪೊಲೀಸರ ಕೆಲಸ.

ಅಧಿಕಾರಿಗಳು ಅಲುಗಾಡದಿದ್ದರೆ

ಹಾದಿಗಳು ಹಲವಿವೆ, ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದೆ ಸಿಆರ್‌ಪಿಸಿ 133 ಆಗಿದ್ದದ್ದು, ಸಾರ್ವಜನಿಕ ಉಪದ್ರವವನ್ನು ನಿಲ್ಲಿಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಷರತ್ತಿನ ಆದೇಶ ಕೊಡಬಹುದು ಎನ್ನುತ್ತದೆ. ವಕೀಲರಿಲ್ಲದೆಯೂ ಅರ್ಜಿ ಹಾಕಬಹುದಾದ್ದರಿಂದ ತಾಲ್ಲೂಕು ಊರುಗಳವರಿಗೆ ಇದೇ ಹತ್ತಿರದ ದಾರಿ ಎಂದು ನನ್ನ ಅಭಿಪ್ರಾಯ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂನಲ್ಲಿ ದಂಡ ಗರಿಷ್ಠ 1,000 ರೂಪಾಯಿ, ಯಾವ ಪಬ್ಬಿಗೂ ಅದು ಲೆಕ್ಕಕ್ಕಿಲ್ಲ. ಆದರೆ ನಿಲ್ಲಿಸಿ ಎಂಬ ಆದೇಶವಾದ ಮೇಲೂ ಮುಂದುವರಿಸಿದರೆ 293ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಲಿಖಿತ ಆದೇಶ ಪಡೆಯಲು ಹಟ ಹಿಡಿಯಬೇಕಾದ್ದು ಇದಕ್ಕೇ.

ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲು ಐದು ವರ್ಷದವರೆಗೆ ಜೈಲು ಶಿಕ್ಷೆ ಇತ್ತು. ಜನವಿಶ್ವಾಸ ತಿದ್ದುಪಡಿಯಿಂದ 2024ರ ಏಪ್ರಿಲ್ 1ರಿಂದ ಅದು ಹೋಗಿ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿದೆ. ಅದನ್ನು ವಿಧಿಸಬೇಕಾದವರು ರಾಜ್ಯದಲ್ಲಿ ಕಾರ್ಯದರ್ಶಿ ಮಟ್ಟದ ಅಧಿಕಾರಿ. ಜೈಲಿನ ಭಯ ಹೋದದ್ದು ನಿವಾಸಿಗೆ ನಷ್ಟವೆಂದು ಹಲವರು ಹೇಳುತ್ತಾರೆ. ಬಳಕೆಗೇ ಬಾರದ ಶಿಕ್ಷೆಗಿಂತ ನಿಜವಾಗಿ ವಸೂಲಾಗುವ ದಂಡವೇ ಮೇಲು, ವಸೂಲಾದರೆ.

ಸಿವಿಲ್ ನ್ಯಾಯಾಲಯದಲ್ಲಿ ಖಾಸಗಿ ಉಪದ್ರವದ ದಾವಾ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಇಡೀ ಬೀದಿಯ ಪರವಾಗಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂನಂತೆ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವಾ ಹೂಡಬಹುದು, ತಮಗೆ ಪ್ರತ್ಯೇಕ ನಷ್ಟವಾಗಿದೆ ಎಂದು ತೋರಿಸಬೇಕಿಲ್ಲ. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೂ ಹೋಗಬಹುದು. ವಿವಾದಕ್ಕೆ ಕಾರಣ ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ತಡವಾದರೆ ಕಾರಣ ತೋರಿಸಿ ಇನ್ನು 60 ದಿನ. ಅಧಿಕಾರಿಗಳು ದೂರಿನ ಮೇಲೆ ಕೂತಿದ್ದಾರೆ ಎಂಬುದೇ ಮುಖ್ಯ ಅಳಲಾದರೆ ಹೈಕೋರ್ಟ್‌ಗೆ ರಿಟ್. ಪಬ್ಬುಗಳ ಸದ್ದಿನಿಂದ ಬೇಸತ್ತ ಬೆಂಗಳೂರಿನ ಇಂದಿರಾನಗರದ ನಿವಾಸಿಗಳು ಹಿಡಿದದ್ದು ಆ ದಾರಿ. ಅಲ್ಲಿ ಗೆಲ್ಲಲು ಬೇಕಾದದ್ದು ನಿಮ್ಮ ಕಷ್ಟದ ವರ್ಣನೆಗಿಂತ ಹೆಚ್ಚಾಗಿ ಸ್ವೀಕೃತಿ ಮುದ್ರೆ ಬಿದ್ದ ದೂರಿನ ಪ್ರತಿಗಳು.

ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಎರಡು ಎಚ್ಚರಿಕೆ ಹೇಳಲೇಬೇಕು. ಪಬ್ಬಿನ ವಿದ್ಯುತ್ ತಂತಿ ಕತ್ತರಿಸುವುದು, ಸಿಬ್ಬಂದಿಯ ಮುಖದ ವಿಡಿಯೊ ಮಾಡಿ ಹೆಸರು ಹಾಕಿ ಹರಡುವುದು, ಗುಂಪುಗೂಡಿ ಬಾಗಿಲು ಬಡಿಯುವುದು, ಇವು ದೂರುದಾರರನ್ನೇ ಆರೋಪಿಯಾಗಿಸುತ್ತವೆ. ಇನ್ನೊಂದು, ಸನ್ನದು ಪಡೆದ ಜಾಗವನ್ನು ಮುಚ್ಚಿಸಿಯೇ ತೀರುತ್ತೇವೆ ಎಂದು ಹೊರಟವರಿಗಿಂತ ಹತ್ತರ ಮೇಲೆ ಮಹಡಿಯ ಸಂಗೀತ ನಿಲ್ಲಲಿ ಎಂದು ಕೇಳಿದವರಿಗೆ ಆದೇಶ ಬೇಗ ಸಿಗುತ್ತದೆ. ಕೋರಿಕೆ ಚಿಕ್ಕದಾಗಿದ್ದಷ್ಟು ಅಧಿಕಾರಿಗೆ ಅದನ್ನು ತಳ್ಳಿಹಾಕುವುದು ಕಷ್ಟ.

ಕರ್ನಾಟಕದಲ್ಲಿ ಅಬಕಾರಿ ಸನ್ನದಿನ ವರ್ಷ ಜುಲೈ 1ರಿಂದ ಜೂನ್ 30. ನವೀಕರಣದ ಕಡತ ಮೇಜಿನ ಮೇಲಿರುವಾಗ ಬಂದ ದೂರಿಗೂ ನವೀಕರಣವಾದ ಮೇಲೆ ಬಂದದ್ದಕ್ಕೂ ತೂಕ ಒಂದೇ ಆಗಿರುವುದಿಲ್ಲ. ನಿಮ್ಮ ನೋಟ್‌ಬುಕ್ಕಿನ ನಕಲು, ಸ್ವೀಕೃತಿಗಳು, ಹಿಂಬರಹಗಳನ್ನು ಒಂದು ಫೈಲಿನಲ್ಲಿಟ್ಟು ಮೇ ತಿಂಗಳು ಮುಗಿಯುವುದರೊಳಗೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ತಲುಪಿಸಿ, ಮುದ್ರೆ ಹಾಕಿಸಿಕೊಂಡು ಬನ್ನಿ.