ರಿಪೋರ್ಟ್ ಯಾರ ಕೈ ಸೇರಬೇಕು?

ಜ್ವರ ನಾಲ್ಕು ದಿನ ಬಿಡದಿದ್ದರೆ ಬಳಿಚಕ್ರ ಹೋಬಳಿಯವರು ಯಾದಗಿರಿಯ ದಾರಿ ಹಿಡಿಯುತ್ತಾರೆ. ಶಹಾಪುರ, ಸುರಪುರ ಸೀಮೆಯವರು ತಮ್ಮ ತಾಲ್ಲೂಕು ಊರಿಗೆ ಹೋಗುತ್ತಾರೆ. ಖಾಸಗಿ ದವಾಖಾನೆಯಲ್ಲಿ ಡಾಕ್ಟರು ಚೀಟಿ ಬರೆದು ಇಂಥ ಲ್ಯಾಬ್‌ನಲ್ಲೇ ರಕ್ತ ತಪಾಸಣೆ ಮಾಡಿಸಿ ಎನ್ನುವುದು, ರಿಪೋರ್ಟ್ ಲ್ಯಾಬ್‌ನಿಂದ ನೇರ ಡಾಕ್ಟರ ಮೇಜಿಗೋ ಮೊಬೈಲಿಗೋ ಹೋಗುವುದು ಎಲ್ಲೆಡೆ ರೂಢಿಯಾಗಿಬಿಟ್ಟಿದೆ. ರಕ್ತವನ್ನೂ ಹಣವನ್ನೂ ಕೊಟ್ಟವರಿಗೆ ಕೊನೆಗೆ ಸಿಗುವುದು ‘ಟೈಫಾಯ್ಡ್ ಐತಿ’ ಎಂಬ ಒಂದು ಮಾತು. ಈ ರೂಢಿಯಲ್ಲಿ ಎರಡು ಕಾಗದಗಳು ಕಳೆದುಹೋಗುತ್ತವೆ: ರಸೀದಿ, ಮತ್ತು ಸಹಿ ಇರುವ ರಿಪೋರ್ಟ್. ರೋಗಿಗೆ ಕಾನೂನು ಕೊಟ್ಟಿರುವ ಹಕ್ಕುಗಳು ಕಡಿಮೆಯೇನಲ್ಲ. ಆದರೆ ಈ ಎರಡು ಕಾಗದ ಕೈಯಲ್ಲಿಲ್ಲದವರು ಅವುಗಳಲ್ಲಿ ಒಂದನ್ನೂ ಬಳಸಿಕೊಳ್ಳಲಾರರು.

ಮೊದಲು ಲ್ಯಾಬ್‌ನ ಆಯ್ಕೆ. ರೋಗಿಗೆ ತನಗೆ ಬೇಕಾದಲ್ಲಿ ಔಷಧ ಕೊಳ್ಳುವ, ತಪಾಸಣೆ ಮಾಡಿಸಿಕೊಳ್ಳುವ ಹಕ್ಕಿದೆ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು 2019ರಲ್ಲಿ ರಾಜ್ಯಗಳಿಗೆ ಕಳಿಸಿದೆ. ಸನ್ನದಿಗೆ ಕಾಯ್ದೆಯ ಬಲವಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅದರ ಬೆನ್ನಿಗೆ ಬಲವಾದ ನಿಯಮವೊಂದು ನಿಂತಿದೆ. ರೋಗಿಯನ್ನು ಕಳಿಸಿಕೊಟ್ಟಿದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದನ್ನೂ ಕೊಡುವುದನ್ನೂ 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಾವಳಿ ನಿಷೇಧಿಸಿದೆ. ಹಾಗಾಗಿ ಬೇರೆ ಕಡೆಯ ರಿಪೋರ್ಟ್ ನೋಡುವುದಿಲ್ಲ ಎಂದು ಯಾರಾದರೂ ಹಟ ಹಿಡಿದರೆ ಕಾರಣ ಕೇಳಬಹುದು. ಆ ಲ್ಯಾಬ್‌ನ ಗುಣಮಟ್ಟದ ಬಗ್ಗೆ ನಿಜವಾದ ಅನುಮಾನವಿದ್ದರೆ ಅದನ್ನು ಹೇಳುವುದು ವೈದ್ಯರ ಕರ್ತವ್ಯವೇ. ಕಾರಣವೇ ಇಲ್ಲದ ಹಟಕ್ಕೆ ಮಾತ್ರ ಮಣಿಯಬೇಕಿಲ್ಲ.

ಇನ್ನು ದರ. ಕರ್ನಾಟಕದಲ್ಲಿ ಖಾಸಗಿ ಲ್ಯಾಬ್‌ಗಳೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿ ಮಾಡಿಸಿಕೊಂಡೇ ನಡೆಯಬೇಕು, ದರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. 2017ರ ತಿದ್ದುಪಡಿಯ ನಂತರ ನೋಂದಣಿಯ ಜೊತೆಗೆ ದೂರುಗಳ ಪರಿಹಾರವೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಹೊಣೆಯಾಗಿದೆ. ಅಂದರೆ ಬಳಿಚಕ್ರದವರ ದೂರು ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಯಾದಗಿರಿಯಲ್ಲೇ ಅದಕ್ಕೆ ಕಿವಿಯಿದೆ. ಲ್ಯಾಬ್ ನೋಂದಣಿಯಾಗಿದೆಯೇ ಎಂಬ ಸಂಶಯವಿದ್ದರೆ ಇನ್ನೊಂದು ದಾರಿಯೂ ಇದೆ, ಇದು ಅನೇಕರಿಗೆ ಹೊಳೆಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ ಖಾಸಗಿ ಲ್ಯಾಬ್‌ಗೆ ನೇರವಾಗಿ ಅನ್ವಯಿಸದಿದ್ದರೂ ಆ ಲ್ಯಾಬ್‌ನ ನೋಂದಣಿ ಕಡತ ಇರುವ ಸರ್ಕಾರಿ ಕಚೇರಿಗೆ ಅನ್ವಯಿಸುತ್ತದೆ. ಹತ್ತು ರೂಪಾಯಿ ಶುಲ್ಕ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ.

ರಿಪೋರ್ಟಿನ ಕೆಳಗಿನ ಸಹಿಯ ವಿಚಾರ ಹೆಚ್ಚು ಜಟಿಲ. ಲ್ಯಾಬ್ ವರದಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರು ಎಂಬ ವೈದ್ಯಕೀಯ ಮಂಡಳಿಯ ನಿಲುವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಸಣ್ಣ ಊರುಗಳಲ್ಲಿ ಅಂಥ ತಜ್ಞರು ಎಲ್ಲಿ ಸಿಗಬೇಕು, ಇದನ್ನೇ ಹಿಡಿದು ಕೂತರೆ ಲ್ಯಾಬ್‌ಗಳು ಬಾಗಿಲು ಹಾಕಿ ಜನರಿಗೇ ತೊಂದರೆ ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ತಜ್ಞರ ಕೊರತೆಯೇ ಇದ್ದರೂ, ಯಾರು ಪರೀಕ್ಷಿಸಿದರು ಎಂಬುದನ್ನು ಮರೆಮಾಚುವುದಕ್ಕೆ ಅದು ಪರವಾನಗಿಯಾಗದು. ರಕ್ತ ತೆಗೆದದ್ದು ಶಹಾಪುರದಲ್ಲಿ, ಪರೀಕ್ಷೆಯಾದದ್ದು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಆಗಿದ್ದರೆ ರಿಪೋರ್ಟಿನ ಮೇಲೆ ಅದು ಕಾಣಬೇಕು. ಸಹಿಯ ಬದಲು ಬರಿ ರಬ್ಬರ್ ಸ್ಟ್ಯಾಂಪ್ ಇದ್ದರೆ ಕೇಳುವ ಹಕ್ಕು ನಿಮ್ಮದು.

ಹಳ್ಳಿಯವರಿಗೆ ರಿಪೋರ್ಟ್ ಓದಲು ಬರುವುದಿಲ್ಲ, ಕೊಟ್ಟು ಏನು ಪ್ರಯೋಜನ ಎಂಬುದು ಮತ್ತೊಂದು ತಕರಾರು. ಓದುವುದು ಅಷ್ಟೇನೂ ಕಷ್ಟವಲ್ಲ, ಹಾಗೆ ಓದಿದರೆ ಹಣವೂ ಉಳಿಯುತ್ತದೆ. ನಿಮ್ಮ ಅಂಕಿಯ ಪಕ್ಕದಲ್ಲಿ ‘ಸಾಮಾನ್ಯ ಮಿತಿ’ ಎಂದು ಬರೆದಿರುತ್ತದಲ್ಲ, ಅದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೊಳ್ಳುವಂತೆ ನಿಗದಿ ಮಾಡಿರುತ್ತಾರೆ. ಹಾಗಾಗಿ ಏನೂ ಕಾಯಿಲೆಯಿಲ್ಲದವರಲ್ಲೂ ಇಪ್ಪತ್ತಕ್ಕೊಬ್ಬರು ಮಿತಿಯಿಂದ ಹೊರಗೆ ಬೀಳುತ್ತಾರೆ. ‘ಫುಲ್ ಬಾಡಿ ಪ್ಯಾಕೇಜ್’ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಅವುಗಳಲ್ಲಿ ಒಂದಾದರೂ ದಪ್ಪ ಅಕ್ಷರದಲ್ಲಿ ಹೆದರಿಸುವ ಸಾಧ್ಯತೆ ನೂರಕ್ಕೆ 64ರಷ್ಟು. ವೈಡಾಲ್ ಪರೀಕ್ಷೆಯದೂ ಇಂಥದೇ ಕಥೆ. ಟೈಫಾಯ್ಡ್ ಸಾಮಾನ್ಯವಾಗಿರುವ ಸೀಮೆಯಲ್ಲಿ ಹಿಂದೆಂದೋ ಬಂದುಹೋದ ಸೋಂಕಿನಿಂದಲೂ ಅದು ಪಾಸಿಟಿವ್ ಆಗಬಹುದು. ಆ ಒಂದು ಚೀಟಿಯ ಮೇಲೆ ಹತ್ತು ದಿನದ ಸಲೈನ್, ಇಂಜೆಕ್ಷನ್ ಶುರುವಾಗುವ ಮುಂಚೆ ರಕ್ತದ ಕಲ್ಚರ್ ಬೇಕೇ ಎಂದು ಕೇಳುವುದು ಉದ್ಧಟತನವಲ್ಲ. ಸಕ್ಕರೆ ಕಾಯಿಲೆಗೆ ನೋಡುವ ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ಪರೀಕ್ಷೆಯೂ ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ. ಹಾಗಿದ್ದ ಮೇಲೆ ಹಿಮೋಗ್ಲೋಬಿನ್ ಎಷ್ಟೆಂದು ನೋಡದೆ ಆ ಒಂದು ಅಂಕಿಯನ್ನೇ ನಂಬುವುದು ಹೇಗೆ? ಹಳೆಯ ರಿಪೋರ್ಟ್ ಕೈಯಲ್ಲಿದ್ದರೆ ಹೊಸದರ ಪಕ್ಕ ಇಟ್ಟು ನೋಡಬಹುದು, ಎರಡನೇ ವೈದ್ಯರಿಗೆ ತೋರಿಸಬಹುದು. ಅದಕ್ಕೇ ಕಾಗದ ಮನೆಯಲ್ಲಿರಬೇಕು.

ಎಚ್‌ಐವಿ ಪರೀಕ್ಷೆಗೆ ಕಾನೂನು ಇನ್ನೂ ಬಿಗಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಆಪರೇಷನ್‌ಗೆ ಮುಂಚೆ ‘ಎಲ್ಲ ಟೆಸ್ಟ್’ ಎಂದು ಸಹಿ ಹಾಕಿಸಿಕೊಂಡರೆ ಅದರೊಳಗೆ ಇದೂ ಸೇರಿದೆಯೇ ಎಂದು ಕೇಳಿಕೊಳ್ಳಬೇಕು. ರಿಪೋರ್ಟನ್ನು ಮಾವನ ಕೈಗೋ ಮಾಲೀಕರ ಕೈಗೋ ಕೊಟ್ಟು ಕಳಿಸುವುದು ಇಲ್ಲಿ ಸಲಿಗೆಯಲ್ಲ, ಉಲ್ಲಂಘನೆ.

ತಪ್ಪು ರಿಪೋರ್ಟಿನಿಂದ ಹಾನಿಯಾದರೆ ಗ್ರಾಹಕರ ಆಯೋಗವಿದೆ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ವ್ಯಾಪ್ತಿಯಲ್ಲೇ ದೂರು ಕೊಡಬಹುದು, ಸಾಮಾನ್ಯವಾಗಿ ಎರಡು ವರ್ಷದೊಳಗೆ. ರಸೀದಿ ಕೇಳಿದರೆ ಮುಂದಿನ ಸಲ ಡಾಕ್ಟರು ಮುಖ ಕೊಟ್ಟು ಮಾತಾಡುವುದಿಲ್ಲ ಎಂಬ ಅಂಜಿಕೆ ಸುಳ್ಳಲ್ಲ. ಇರುವ ಒಬ್ಬರೇ ಡಾಕ್ಟರನ್ನು ಎದುರು ಹಾಕಿಕೊಳ್ಳುವುದು ಯಾರಿಗೂ ಸುಲಭವಲ್ಲ. ಆದರೆ ರಸೀದಿ ಕೇಳುವುದು ದೂರು ಕೊಡುವುದಲ್ಲ, ಅದನ್ನು ಹಣ ಕೊಡುವ ಕೌಂಟರಿನಲ್ಲೇ, ರಕ್ತ ಕೊಡುವ ಮೊದಲೇ ಕೇಳಿದರೆ ಜಗಳದ ಪ್ರಶ್ನೆಯೇ ಬರುವುದಿಲ್ಲ. ದೂರಿನ ಹಂತ ಬಂದೇಬಿಟ್ಟರೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಅಲ್ಲಿಯೂ ವಕೀಲರು ಮೊದಲು ಕೇಳುವುದು ಆ ಎರಡು ಕಾಗದಗಳನ್ನೇ.